ಇದು ಯಾರ ಮಗನ ಖಬರ್?

ಕಳೆದ ಬೇಸಿಗೆ ರಜೆಯಲ್ಲಿ ಸಿಂಗಾಪುರದಲ್ಲಿ ಕೆಲಸಕ್ಕಿರುವ ಮಾಮನ ಮನೆಗೆ ಹೋಗಿದ್ದೆ. ಅಲ್ಲಿ ತೆಗೆದ ಫೋಟೋಗಳು ನಾನೂರಕ್ಕೂ ಮೇಲೆ. ಅದರಲ್ಲಿ ಒಂದನ್ನು ನಿಮ್ಮಲ್ಲಿ ಹಲವರು ನನ್ನ ಸ್ಟೇಟಸ್‌ನಲ್ಲಿ ನೋಡಿದ್ದೀರಿ. ಬಿಳಿ ಕಲ್ಲೊಂದಕ್ಕೆ ಒರಗಿ ಕುಳಿತ ನಾನು, ಹಿಂದೆ ಸಾಲು ಸಾಲು ಅಂಥದ್ದೇ ಕಲ್ಲುಗಳು, ಕೆಳಗೆ ‘ನಮ್ಮ ಯೋಧರಿಗೆ ಸಲಾಂ’ ಎಂಬ ಬರಹ. ತುಂಬಾ ಮಂದಿ ಹೃದಯದ ಚಿಹ್ನೆ ಕಳಿಸಿದಿರಿ. ಆ ಫೋಟೋ ಬಗ್ಗೆಯೇ ಈ ಲೇಖನ.

ಅದು ಕ್ರಾಂಜಿ ಯುದ್ಧ ಸ್ಮಾರಕ. ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಇಳಿಜಾರಿನ ಹುಲ್ಲಿನ ಮೇಲೆ ಎರಡನೇ ಮಹಾಯುದ್ಧದಲ್ಲಿ ಮಡಿದವರ 4,400ಕ್ಕೂ ಹೆಚ್ಚು ಗೋರಿಗಳಿವೆ. ಅವುಗಳಲ್ಲಿ 850ಕ್ಕೂ ಹೆಚ್ಚು ಗೋರಿಗಳಲ್ಲಿ ಇರುವವರು ಯಾರೆಂದೇ ತಿಳಿದಿಲ್ಲ. ಮೇಲೆ ವಿಮಾನದ ರೆಕ್ಕೆಯಂತೆ ಚಾಚಿದ ಸ್ಮಾರಕದ ಗೋಡೆಗಳಲ್ಲಿ, ಗೋರಿಯೂ ಇಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳು. ಮುಹಮ್ಮದ್, ಸಿಂಗ್, ರಾಮ್, ಖಾನ್ ಎಂದು ಓದುತ್ತಾ ಹೋದರೆ ನಮ್ಮ ಹಾಜರಿ ಪುಸ್ತಕ ಓದಿದಂತೆಯೇ ಇರುತ್ತದೆ.

ನಾನು ಒರಗಿದ್ದ ಮೀಸಾನ್ ಕಲ್ಲಿನ ಮೇಲೆ ಅರಬಿಯಲ್ಲಿ ‘ಹುವಲ್ ಗಫೂರ್’ ಎಂದು ಕೆತ್ತಿತ್ತು. ಅವನು ಕ್ಷಮಿಸುವವನು ಎಂದರ್ಥ. ಪರದೇಶದಲ್ಲಿ ಅರಬಿ ಅಕ್ಷರ ಕಂಡ ಖುಷಿಗೇ ಆ ಕಲ್ಲನ್ನು ಆರಿಸಿದ್ದೆ. ಮಾಮನ ಮಗ ಮೂರು ಸಲ ಕ್ಲಿಕ್ ಮಾಡಿದ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡೆ. ‘ಚೆನ್ನಾಗಿ’ ಎಂದರೆ ನನ್ನ ಮುಖ ಚೆನ್ನಾಗಿ ಬಂದದ್ದು.

ಊರಿಗೆ ಬಂದು ಅಜ್ಜಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದ ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾರ ಮಗನ ಖಬರ್, ಮೋನೆ?”

ಹೆಸರು ಓದೋಣವೆಂದು ದೊಡ್ಡದು ಮಾಡಿದೆ. ಕಾಣಲಿಲ್ಲ. ಹೆಸರಿದ್ದ ಜಾಗದಲ್ಲಿ ನನ್ನ ಭುಜವಿತ್ತು.

ಈ ವಿಷಯ ಹಾಸ್ಟೆಲಿನಲ್ಲಿ ಹೇಳಿದಾಗ ಗೆಳೆಯನೊಬ್ಬ, ಖಬರ್‌ನ ಫೋಟೋ ತೆಗೆಯುವುದೇ ತಪ್ಪು, ಸಲಾಂ ಹೇಳಿ ದುಆ ಮಾಡಿ ಬರಬೇಕು ಅಷ್ಟೇ ಎಂದ. ಸಲಾಂ ಮತ್ತು ದುಆದ ಮಾತು ಒಪ್ಪುತ್ತೇನೆ. ನಿಜ ಹೇಳಬೇಕೆಂದರೆ ಅಂದು ಅದನ್ನೂ ನಾನು ಮಾಡಿರಲಿಲ್ಲ. ಆದರೆ ಫೋಟೋವೇ ಬೇಡ ಎಂಬುದನ್ನು ಒಪ್ಪಲಾರೆ. ಮೊದಲ ಮಹಾಯುದ್ಧದ ಕಾಲದಲ್ಲೇ ಬ್ರಿಟಿಷ್ ಸೇನೆಯ ಗೋರಿ ದಾಖಲೆ ವಿಭಾಗ, ಮಡಿದ ಸೈನಿಕರ ಗೋರಿಗಳ ಫೋಟೋ ತೆಗೆದು ಮನೆಯವರಿಗೆ ಕಳಿಸುತ್ತಿತ್ತು. ಸತ್ತವರ ದೇಹವನ್ನು ಊರಿಗೆ ತರುವಂತಿರಲಿಲ್ಲ. ಸಮುದ್ರ ದಾಟಿ ಹೋಗಿ ನೋಡುವ ಶಕ್ತಿ ಎಷ್ಟು ತಾಯಂದಿರಿಗಿತ್ತು? ಅವರ ಪಾಲಿಗೆ ಆ ಒಂದು ಕಾಗದದ ಚಿತ್ರವೇ ಝಿಯಾರತ್. ಫೋಟೋ ಹುಟ್ಟಿದ್ದು ಅವರಿಗಾಗಿ. ನಾನು ಅದನ್ನು ನನಗಾಗಿ ತೆಗೆದೆ, ವ್ಯತ್ಯಾಸ ಅಲ್ಲಿದೆ.

ನಮ್ಮ ಉಪಖಂಡದವರ ವಿಷಯದಲ್ಲಿ ಹೆಸರು ಇನ್ನೂ ಮುಖ್ಯ. ಈ ಗೋರಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಆರಂಭವಾದದ್ದು 1917ರಲ್ಲಿ. ದರ್ಜೆ, ಜನಾಂಗ, ಧರ್ಮದ ಭೇದವಿಲ್ಲದೆ ಎಲ್ಲರಿಗೂ ಸಮಾನ ಗೌರವ ಎಂಬುದು ಅದರ ತತ್ವ. ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರೆ, ಸಾವಿರಾರು ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಬರೀ ಸಂಖ್ಯೆಯಾಗಿ ಕೆತ್ತಿದರು. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಮಂದಿಯ, ಬಹುಶಃ 3,50,000 ಮಂದಿಯ ಹೆಸರು ಹಿಡಿದು ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲದಿರಬಹುದು ಎಂದು ಆಯೋಗದ್ದೇ ಸಮಿತಿ 2021ರಲ್ಲಿ ಒಪ್ಪಿಕೊಂಡಿತು. ಅವರಲ್ಲಿ ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರು. ಇಷ್ಟೆಲ್ಲ ಹೆಸರು ಕಳೆದುಹೋದ ಮೇಲೆ, ಕಲ್ಲಿನ ಮೇಲೆ ಉಳಿದಿದ್ದ ಒಂದನ್ನು ನಾನು ಭುಜದಿಂದ ಮುಚ್ಚಿದೆ.

ಬ್ರಿಟಿಷರಿಗಾಗಿ ಸತ್ತವರಿಗೆ ಇಷ್ಟೇಕೆ ಎಂದು ಇನ್ನೊಬ್ಬ ಕೇಳಿದ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾಯಿತು. ಸೆರೆಯಾದ ಭಾರತೀಯರಲ್ಲಿ ಸಾವಿರಾರು ಮಂದಿ ಆಝಾದ್ ಹಿಂದ್ ಫೌಜ್ ಸೇರಿದರು, ಸಾವಿರಾರು ಮಂದಿ ಸೇರಲಿಲ್ಲ. ಒಂದೇ ಹಳ್ಳಿಯಿಂದ ಬಂದವರೇ ಎರಡೂ ಕಡೆ ಇದ್ದಿರಬಹುದು. ಸಂಬಳಕ್ಕೆಂದು ಹೊರಟ ಹತ್ತೊಂಬತ್ತರ ಹುಡುಗನನ್ನು ನಾನು ವಿಚಾರಣೆ ಮಾಡಲಾರೆ. ನನಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ನನಗೆ ಹೆಚ್ಚು ನಾಚಿಕೆ ತಂದ ಸಂಗತಿ ತಿಳಿದದ್ದು ಆಮೇಲೆ. ಮೈಸೂರು ಸಂಸ್ಥಾನದ ಸೇನೆಯ ‘ಮೈಸೂರು ಇನ್‌ಫೆಂಟ್ರಿ’ ಎಂಬ ಪಡೆಯೂ ಆ ಯುದ್ಧದಲ್ಲಿ ಅಲ್ಲಿತ್ತು. ಅಂದರೆ ಕನ್ನಡ ಮಾತಾಡುತ್ತಿದ್ದ ಸೈನಿಕರು ಆ ದ್ವೀಪದಲ್ಲಿದ್ದರು. ಗೊತ್ತಿದ್ದರೆ ಗೋಡೆಗಳಲ್ಲಿ ಹುಡುಕುತ್ತಿದ್ದೆ. ನಾನು ಅಲ್ಲಿ ಇದ್ದದ್ದು ಇಪ್ಪತ್ತು ನಿಮಿಷ, ಅದರಲ್ಲಿ ಅರ್ಧ ಫೋಟೋಗೇ ಹೋಯಿತು.

ನಮ್ಮಲ್ಲಿ ಅನೇಕರ ಮನೆಯವರು ಹೊರದೇಶಗಳಲ್ಲಿದ್ದಾರೆ, ನೀವೂ ಹೋಗುತ್ತೀರಿ. ಇಂಥ ಜಾಗ ಸಿಕ್ಕಿದರೆ ಮೊದಲು ಸಲಾಂ ಹೇಳಿ. ಆಮೇಲೆ ಕಲ್ಲಿಗೆ ಎದುರಾಗಿ ನಿಂತು, ಹೆಸರು, ನಂಬರು, ಪಡೆ, ದಿನಾಂಕ ಎಲ್ಲ ಓದುವಂತೆ ಫೋಟೋ ತೆಗೆಯಿರಿ. ಯಾವ ಸಾಲು ಎಂದು ಬರೆದಿಟ್ಟುಕೊಳ್ಳಿ. ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಕೆಲವರ ತಂದೆಯ ಹೆಸರು, ಊರು ಕೂಡ ಸಿಗುತ್ತದೆ. ನಿಮ್ಮ ಮುಖದ ಫೋಟೋಗೆ ಸಿಂಗಾಪುರದಲ್ಲಿ ಬೇರೆ ಜಾಗಗಳು ಬೇಕಾದಷ್ಟಿವೆ.

ನಾನು ಸ್ಟೇಟಸ್ ತೆಗೆದುಹಾಕಿ ಮಾಮನಿಗೆ ಫೋನ್ ಮಾಡಿದೆ. ಪಾಪ, ಅವರು ಒಂದು ಭಾನುವಾರ ಬಿಸಿಲಲ್ಲಿ ಹೋಗಿ ಹುಡುಕಿದರು. ಯಾವ ಸಾಲು ಎಂದು ನನಗೇ ನೆನಪಿರಲಿಲ್ಲ. ಅರಬಿ ಅಕ್ಷರವಿರುವ ಕಲ್ಲುಗಳಲ್ಲಿ ಹೋಲುವಂತೆ ಕಂಡ ಮೂರರ ಫೋಟೋ ಕಳಿಸಿ, “ಇದರಲ್ಲಿ ಯಾವುದು ನೋಡು” ಎಂದರು. ನನಗೆ ತಿಳಿಯಲಿಲ್ಲ. ಅಜ್ಜಿ ಮೂರೂ ಹೆಸರುಗಳನ್ನು ನನ್ನಿಂದ ಜೋರಾಗಿ ಓದಿಸಿ, ಮೂವರಿಗೂ ಫಾತಿಹಾ ಓದಿದರು.