ಹಳ್ಳ ಹೂಳೋ ಪರವಾನಗಿ

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲಿಗಾಗಿ ಬೆಟ್ಟದ ತಲೆಯನ್ನೇ ಸಿಡಿಮದ್ದಿಟ್ಟು ಹಾರಿಸ್ತಾರೆ. ಕಲ್ಲಿದ್ದಲು ಧಣಿಗೆ. ಉಳಿದ ಕಲ್ಲುಮಣ್ಣು ಕೆಳಗಿನ ಹಳ್ಳಕ್ಕೆ.

ಅಲ್ಲಿನ ಲೋಗನ್ ಜಿಲ್ಲೆಯ ಸ್ಪ್ರೂಸ್ ನಂ. 1 ಗಣಿಗೆ 2007ರಲ್ಲಿ ಪರವಾನಗಿ ಸಿಕ್ಕಿತು. 2,278 ಎಕರೆ ಗಣಿ, ಅದರಡಿ ಹೂತುಹೋಗಬೇಕಾದ ಹಳ್ಳ ಸುಮಾರು 7 ಮೈಲಿ. 2011ರ ಜನವರಿಯಲ್ಲಿ ಪರಿಸರ ರಕ್ಷಣಾ ಸಂಸ್ಥೆ ಎರಡು ಮುಖ್ಯ ಹಳ್ಳಗಳಿಗೆ ಮಣ್ಣು ಸುರಿಯಕೂಡದು ಅಂತ ತಡೆ ಹಾಕಿತು. 1972ರ ಶುದ್ಧ ನೀರಿನ ಕಾಯಿದೆಯಲ್ಲೇ ಆ ಅಧಿಕಾರ ಇತ್ತು.

ಧಣಿಗಳ ಬಾಯಿ ಜೋರಾಯ್ತು. ಆ ರಾಜ್ಯದ ಸೆನೆಟರ್ ಜೋ ಮಂಚಿನ್, ತಾವೂ ಕಲ್ಲಿದ್ದಲು ವ್ಯಾಪಾರದ ಕಂಪನಿ ಕಟ್ಟಿದವರೇ, ಮರುತಿಂಗಳೇ ಮಸೂದೆ ತಂದರು. ಒಮ್ಮೆ ಕೊಟ್ಟ ಪರವಾನಗಿಯನ್ನು ಸಂಸ್ಥೆ ಆಮೇಲೆ ಮುಟ್ಟಕೂಡದಂತೆ. ಮಸೂದೆಯ ಹೆಸರು ‘ಫೇರ್ ಪ್ಲೇ’. ನ್ಯಾಯವಾದ ಆಟ! ಹಳ್ಳದ ಪಾಲಿಗೆ ಆಟ ಮುಗಿದಿರುತ್ತೆ, ಅಷ್ಟೆ.

ಅವರ ವಾದ ಕೇಳಿ: ಹಣ ಹೂಡಿದವನಿಗೆ ನಿಶ್ಚಿಂತೆ ಬೇಕು, ಸರ್ಕಾರ ಮಾತಿಗೆ ತಪ್ಪಬಾರದು, ಕೂಲಿಯವರ ಅನ್ನ ಹೋಗಬಾರದು. ಅನ್ನದ ಮಾತನ್ನು ನಾವು ಹಗುರವಾಗಿ ತಗೊಳ್ಳೋದಿಲ್ಲ. ಆದ್ರೆ ಬೆಟ್ಟ ಒಡೆಯೋ ಈ ವಿಧಾನ ಬಂದದ್ದೇ ನೂರು ಜನರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸೋಕೆ. ಈ ಗಣಿಯ ಪಕ್ಕದ ಬ್ಲೇರ್ ಬೆಟ್ಟದಲ್ಲಿ 1921ರಲ್ಲಿ ಸಾವಿರಾರು ಗಣಿ ಕೂಲಿಗಳು ಸಂಘ ಕಟ್ಟೋ ಹಕ್ಕಿಗಾಗಿ ಬಂದೂಕು ಹಿಡಿದಿದ್ದರು. ಆಗ ಅವರ ಅನ್ನದ ಚಿಂತೆ ಯಾವ ಧಣಿಗಿತ್ತು?

ಮಾತಿಗೆ ತಪ್ಪಬಾರದು ಅಂತೀರಲ್ಲ, ಸರ್ಕಾರದ ಒಪ್ಪಿಗೆಯ ಬೆಲೆ ಎಷ್ಟು ಅಂತ ಅದೇ ಜಿಲ್ಲೆ ಕಂಡಿದೆ. ಬಫಲೋ ಕ್ರೀಕಿನ ಮೇಲೆ ಕಂಪನಿಯೊಂದು ಗಣಿ ಕಸದಿಂದ ಕಟ್ಟಿದ ಒಡ್ಡಿತ್ತು. ತನಿಖಾಧಿಕಾರಿ ಬಂದು ನೋಡಿ ತೃಪ್ತಿಕರ ಅಂತ ಬರೆದುಹೋದ. ನಾಲ್ಕನೇ ದಿನಕ್ಕೆ, 1972ರ ಫೆಬ್ರವರಿ 26ರಂದು, ಒಡ್ಡು ಒಡೆಯಿತು. ಕಪ್ಪು ನೀರು ಊರೂರನ್ನೇ ಬಳಿದುಕೊಂಡು ಹೋಯಿತು. ಸತ್ತವರು 125. ಕಂಪನಿ ಹೇಳಿದ್ದು, ಇದು ದೇವರ ಕೆಲಸ. (ನಮ್ಮ ಕಡೆ ಇದಕ್ಕೆ ಹಣೆಬರಹ ಅಂತಾರೆ.)

ಕೊಟ್ಟ ಒಪ್ಪಿಗೆ ತಪ್ಪು ಅಂತ ಗೊತ್ತಾದಮೇಲೂ ವಾಪಸ್ ಪಡೆಯಬಾರದೆ? ಕಾಗದವನ್ನು ಹಿಂದಕ್ಕೆ ಪಡೀಬಹುದು ಸ್ವಾಮಿ, ಮಣ್ಣು ತುಂಬಿದ ಹಳ್ಳವನ್ನು ಪಡೆಯೋಕಾಗಲ್ಲ. ಹೂಡಿದ ಹಣಕ್ಕೆ ನಿಶ್ಚಿಂತೆ ಕೇಳೋರು ಆ ನೀರು ಕುಡಿಯೋರ ನಿಶ್ಚಿಂತೆಗೆ ಒಂದು ಕಲಮನ್ನಾದರೂ ಬರೆದರೆ?

ಮಂಚಿನ್ ಮಸೂದೆ ಕಾಯಿದೆಯಾಗಲಿಲ್ಲ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಸಂಸ್ಥೆಗೆ ಆ ಅಧಿಕಾರ ಉಂಟು ಅಂತ ತೀರ್ಪು ಕೊಟ್ಟಿತು. 2014ರ ಜನವರಿಯಲ್ಲಿ ಕಲ್ಲಿದ್ದಲು ತೊಳೆಯೋ ರಾಸಾಯನಿಕ ಸೋರಿ ಎಲ್ಕ್ ನದಿಗೆ ಬಿತ್ತು. ರಾಜಧಾನಿ ಚಾರ್ಲ್ಸ್‌ಟನ್ ಸುತ್ತಿನ ಸುಮಾರು 3 ಲಕ್ಷ ಜನಕ್ಕೆ ನಲ್ಲಿ ನೀರು ಕುಡೀಬೇಡಿ, ಅಡುಗೆಗೂ ಬಳಸಬೇಡಿ ಅಂತ ಹುಕುಂ ಆಯ್ತು. ಅದೇ ವರ್ಷ ಸೆನೆಟ್‌ಗೆ ಇದೇ ಉದ್ದೇಶದ ಇನ್ನೊಂದು ಮಸೂದೆ ಬಂತು. ಹೆಸರಿನಲ್ಲೇ ‘ಸರ್ಟೆನ್ಟಿ’, ಅಂದ್ರೆ ಖಾತ್ರಿ. ತಂದವರಲ್ಲಿ ಮಂಚಿನ್ ಕೂಡ ಇದ್ದರು.