ರಕ್ತ ಏರಿಸುವ ಚುಚ್ಚುಮದ್ದಿಗೂ ಮಿತಿ ಬೇಕು



ರಾಗಿ ಹೊಲಕ್ಕೆ ಯೂರಿಯಾ ಬೇಕು. ಮಿತಿ ಮೀರಿದರೆ ಪೈರು ಸೊಕ್ಕಿ ಬೆಳೆದು, ಗಾಳಿ ಮಳೆಗೆ ನೆಲಕ್ಕೊರಗುತ್ತದೆ. ಗುಮ್ಮಳಾಪುರದ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಮೂತ್ರಪಿಂಡ ಕೆಟ್ಟವರಿಗೆ ಕೊಡುವ ರಕ್ತ ಏರಿಸುವ ಚುಚ್ಚುಮದ್ದಿನ ವಿಷಯದಲ್ಲಿ ಈ ವಿವೇಕವನ್ನು ನಾವು ಮರೆಯುತ್ತೇವೆ.

ಮೂತ್ರಪಿಂಡದ ಕೆಲಸ ರಕ್ತ ಸೋಸುವುದಷ್ಟೇ ಅಲ್ಲ. ಅದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನೂ ತಯಾರಿಸುತ್ತದೆ. ಕೆಂಪು ರಕ್ತಕಣಗಳನ್ನು ಹುಟ್ಟಿಸುವಂತೆ ಮೂಳೆಯೊಳಗಿನ ಮಜ್ಜೆಗೆ ಅಪ್ಪಣೆ ಕೊಡುವುದು ಇದೇ. ಮೂತ್ರಪಿಂಡ ಸೋತರೆ ರಕ್ತಹೀನತೆ ಬರುತ್ತದೆ. ದೇಹಕ್ಕೆ ಪ್ರಾಣವಾಯು ಸಾಲದೆ ಹೃದಯ ಹೆಚ್ಚು ದುಡಿಯುತ್ತದೆ, ಅದರ ಗೋಡೆ ದಪ್ಪವಾಗುತ್ತದೆ, ಕಡೆಗೆ ದಣಿಯುತ್ತದೆ. 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಹಾರ್ಮೋನಿನ ಚುಚ್ಚುಮದ್ದು, ಪದೇ ಪದೇ ರಕ್ತ ಕೊಡಿಸುವ ಕಷ್ಟವನ್ನು ಬಹಳ ಮಟ್ಟಿಗೆ ತಪ್ಪಿಸಿತು. ಅದು ದೊಡ್ಡ ಉಪಕಾರ.

ಹಾಗಾದರೆ ಹಿಮೋಗ್ಲೋಬಿನ್ ಅನ್ನು ಆರೋಗ್ಯವಂತರ ಮಟ್ಟಕ್ಕೇ ಏರಿಸಿದರೆ ಇನ್ನೂ ಒಳ್ಳೆಯದಲ್ಲವೇ? ತಜ್ಞರೂ ಹಾಗೆಯೇ ನಂಬಿದ್ದರು. 2006ರಲ್ಲಿ ಪ್ರಕಟವಾದ ‘ಕ್ವಾಯರ್’ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಡಯಾಲಿಸಿಸ್‌ಗೆ ಇನ್ನೂ ಬಾರದ ರೋಗಿಗಳಲ್ಲಿ 11.3ರ ಬದಲು 13.5ರ ಗುರಿಯಿಟ್ಟಾಗ ಸಾವು ಹಾಗೂ ಹೃದಯದ ತೊಂದರೆಗಳು ಒಟ್ಟಾಗಿ ಹೆಚ್ಚಾದವು. 2009ರ ‘ಟ್ರೀಟ್’ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯೂ ಇದ್ದ ರೋಗಿಗಳಿಗೆ 13ರ ಗುರಿಯಿಟ್ಟಾಗ ಪಾರ್ಶ್ವವಾಯು ಸುಮಾರು ಎರಡು ಪಟ್ಟಾಯಿತು. ಈ ಮದ್ದಿನಿಂದ ರಕ್ತದೊತ್ತಡ ಏರಬಹುದು, ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದಲೇ 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಸಾಮಾನ್ಯವಾಗಿ 11.5ಕ್ಕಿಂತ ಮೇಲೆ ಹೋಗಬೇಡಿ ಎಂದಿತು.

ನಮ್ಮ ಮನೆಗಳಲ್ಲಿ ನಡೆಯುವುದೇನು? ಹಿಮೋಗ್ಲೋಬಿನ್ ಚೀಟಿಯನ್ನು ಮಕ್ಕಳ ಅಂಕಪಟ್ಟಿಯಂತೆ ನೋಡುತ್ತೇವೆ. ‘ಡಾಕ್ಟ್ರೇ, ಇನ್ನೊಂದು ಸೂಜಿ ಹಾಕಿ’ ಎಂದು ಒತ್ತಾಯಿಸುತ್ತೇವೆ. ಹಸು ಮಾರಿದ ಹಣ ಹೀಗೆ ಖರ್ಚಾದರೆ ಹೃದಯಕ್ಕೆ ಲಾಭವಿಲ್ಲ, ಅಪಾಯವೇ ಹೆಚ್ಚು. ಇನ್ನು ಕೆಲವರು ತುಸು ಚೇತರಿಸಿದೊಡನೆ ತಾವಾಗಿಯೇ ಮದ್ದು ನಿಲ್ಲಿಸುತ್ತಾರೆ. ಅದೂ ತಪ್ಪು.

ಪ್ರತಿ ಸಲವೂ ಮೂರು ಪ್ರಶ್ನೆ ಕೇಳಿ: ಹಿಮೋಗ್ಲೋಬಿನ್ ಎಷ್ಟಿದೆ, ಗುರಿ ಎಷ್ಟು? ಇವತ್ತಿನ ಬಿ.ಪಿ. ಎಷ್ಟು? ದೇಹದಲ್ಲಿ ಕಬ್ಬಿಣಾಂಶ ಸಾಕಷ್ಟಿದೆಯೇ? ಕಬ್ಬಿಣಾಂಶವಿಲ್ಲದಿದ್ದರೆ ಈ ಮದ್ದು, ತೇವವಿಲ್ಲದ ಹೊಲಕ್ಕೆ ಚೆಲ್ಲಿದ ಗೊಬ್ಬರದಂತೆ. ಹೀಗೆ ಕೇಳುವುದು ವೈದ್ಯರಿಗೆ ಅಗೌರವವಲ್ಲ, ರೋಗಿಯ ಹಕ್ಕು. ಉತ್ತರ ಅರ್ಥವಾಗುವ ಮಾತಿನಲ್ಲಿ ಹೇಳುವುದು ವೈದ್ಯರ ಕರ್ತವ್ಯ.