ವೈದ್ಯ ವಿದ್ಯಾರ್ಥಿಗಳಿಗೆ ಹುಡುಕುವುದನ್ನೂ ಕಲಿಸಿ

1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಜಪಾನೀಸ್ ಮಿದುಳು ಜ್ವರ ಹಬ್ಬಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಸೊಳ್ಳೆಗಳನ್ನು ಹಿಡಿದು, ಜಾತಿವಾರು ಗುರುತಿಸಿ, ರೋಗ ಹರಡಿದ್ದು ಯಾವುದು ಎಂದು ಶೋಧಿಸಿದರು. ಅವರ ಲೇಖನ ಮರುವರ್ಷವೇ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಪ್ರಕಟವಾಯಿತು. 1994ರಲ್ಲಿ ಇದೇ ಜಿಲ್ಲೆಯ ಸೊಳ್ಳೆಗಳ ಬಗ್ಗೆ ಇನ್ನೊಂದು ಲೇಖನ ಆಗ್ನೇಯ ಏಷ್ಯಾದ ಉಷ್ಣವಲಯ ವೈದ್ಯಕೀಯ ನಿಯತಕಾಲಿಕದಲ್ಲಿ ಬಂತು. ಭತ್ತದ ಗದ್ದೆ, ನಿಂತ ನೀರು, ಕ್ಯುಲೆಕ್ಸ್ ಸೊಳ್ಳೆ, ಮಕ್ಕಳ ಜ್ವರ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಕಥೆ ಅದು. ಇವತ್ತು ಮಂಡ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಬಹುತೇಕ ವೈದ್ಯರು ಆಗ ಹುಟ್ಟಿಯೇ ಇರಲಿಲ್ಲ. ತಮ್ಮ ವಾರ್ಡಿಗೆ ಬರುವ ಮಗುವಿನ ಊರಿನ ಬಗ್ಗೆ ಇಷ್ಟು ಬರೆದಿಟ್ಟಿದ್ದಾರೆ ಎಂಬುದು ಅವರಿಗೆ ತಿಳಿಯಬೇಕಾದರೆ ಹುಡುಕಲು ಬರಬೇಕು.

ಹುಡುಕುವುದರಲ್ಲಿ ಏನಿದೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎನ್ನಬಹುದು. ಒಮ್ಮೆ ಮಾಡಿ ನೋಡಿದರೆ ಗೊತ್ತಾಗುತ್ತದೆ. ವೈದ್ಯಕೀಯ ಲೇಖನಗಳ ಜಾಗತಿಕ ಸೂಚಿಯಾದ ಪಬ್‌ಮೆಡ್ ತೆರೆದು ಮಂಡ್ಯ ಎಂದಷ್ಟೇ ಇಂಗ್ಲಿಷಿನಲ್ಲಿ ಹೊಡೆದರೆ ಸಾಲುಸಾಲು ಲೇಖನ ಬರುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೂ ಮಂಡ್ಯದ ಜನರ ಆರೋಗ್ಯಕ್ಕೂ ಸಂಬಂಧವಿಲ್ಲ. ಬರೆದವರ ಕಾಲೇಜಿನ ವಿಳಾಸದಲ್ಲಿ ಮಂಡ್ಯ ಎಂದಿದೆ, ಅಷ್ಟೆ. ಊರಿನ ಹೆಸರಿನ ಮುಂದೆ, ಇದನ್ನು ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಮಾತ್ರ ನೋಡು ಎಂದು ಹೇಳುವ ಪುಟ್ಟ ಗುರುತು ಸೇರಿಸಿದರೆ ಪಟ್ಟಿ ಥಟ್ಟನೆ ಕುಗ್ಗಿ, 1984ರ ಆ ಸೊಳ್ಳೆ ಲೇಖನ ಕಣ್ಣಿಗೆ ಬೀಳುತ್ತದೆ. ಅರ್ಧ ನಿಮಿಷದ ಕೆಲಸ. ಹೇಳಿಕೊಟ್ಟವರಿಲ್ಲದಿದ್ದರೆ ಮೂರು ವರ್ಷದ ಎಂಡಿ ಮುಗಿದರೂ ಅದು ಗೊತ್ತಾಗದೆ ಹೋಗಬಹುದು.

ಹಾವು ಕಡಿತವನ್ನೇ ತೆಗೆದುಕೊಳ್ಳಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಕಬ್ಬಿನ ಗದ್ದೆ, ಭತ್ತದ ಬದುಗಳ ನಾಡಾದ ಮಂಡ್ಯದಲ್ಲಿ ಇದು ಎಂಡಿ ಪ್ರಬಂಧಕ್ಕೆ ಹೇಳಿ ಮಾಡಿಸಿದ ವಿಷಯ. ಆದರೆ ಕೊಳಕುಮಂಡಲವನ್ನು ಇಂದಿನ ಲೇಖನಗಳು ‘ಡಬೋಯಿಯಾ ರಸೆಲಿ’ ಎಂದು ಕರೆದರೆ, ಹಳೆಯವು ‘ವೈಪೆರಾ ರಸೆಲಿ’ ಎನ್ನುತ್ತವೆ. ಒಂದೇ ಹೆಸರು ಹಾಕಿ ಹುಡುಕಿದವರಿಗೆ ಇನ್ನೊಂದು ಹೆಸರಿನಡಿ ದಶಕಗಳ ಕಾಲ ಆದ ಕೆಲಸ ಕಾಣಿಸದೇ ಹೋಗಬಹುದು. ಊರ ಹೆಸರಿನದೂ ಇದೇ ಪಾಡು: ಬ್ರಿಟಿಷರ ಕಾಲದ ಕೆಲವು ಬರಹಗಳಲ್ಲಿ ಮಳವಳ್ಳಿ ಇರುವುದು ಇಂದಿನ ಕಾಗುಣಿತದಲ್ಲಲ್ಲ. ಒಂದೇ ವಿಷಯಕ್ಕೆ ಹಲವು ಹೆಸರಿರುವ ತೊಡಕನ್ನು ಬಿಡಿಸಲೆಂದೇ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಿಂದ ‘ಮೆಶ್’ ಎಂಬ ವಿಷಯಪದಗಳ ಪಟ್ಟಿಯನ್ನು ಕಾಯ್ದುಕೊಂಡು ಬಂದಿದೆ. ಬೇರೆ ಬೇರೆ ಹೆಸರುಗಳನ್ನು ಒಂದೇ ಪದದಡಿ ಕೂಡಿಸುವ ಪಟ್ಟಿ ಅದು. ಅದನ್ನು ಬಳಸಲು ಕಲಿಸಬಲ್ಲವರು ಕಾಲೇಜಿನಲ್ಲೇ ಇದ್ದಾರೆ. ಅವರೇ ಗ್ರಂಥಪಾಲಕರು.

ಮಂಡ್ಯ ಜಿಲ್ಲೆಗೆ ಆರೋಗ್ಯ ಶಿಕ್ಷಣದ ಕೊರತೆ ಇಲ್ಲ. 2006ರಲ್ಲಿ ಶುರುವಾದ ಸರ್ಕಾರಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್, ಜಿಲ್ಲಾ ಕೇಂದ್ರದಲ್ಲಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1980ರ ದಶಕದಿಂದ ನಡೆಯುತ್ತಿದೆ. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಲ್ಲಿ ಭಾರತಿ ಫಾರ್ಮಸಿ ಕಾಲೇಜು ಇದೆ. ನರ್ಸಿಂಗ್ ಕಾಲೇಜುಗಳು ಬೇರೆ.

ಓದುವ ಸಾಮಗ್ರಿಗೂ ಈಗ ಬರವಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ‘ಹೆಲಿನೆಟ್’ ಆರಂಭಿಸಿ, ತನ್ನ ಅಧೀನದ ಕಾಲೇಜುಗಳೆಲ್ಲ ಸೇರಿ ವಿದೇಶಿ ನಿಯತಕಾಲಿಕಗಳನ್ನು ಓದುವ ವ್ಯವಸ್ಥೆ ಮಾಡಿತು. ಇಡೀ ದೇಶಕ್ಕೇ ಮಾದರಿಯಾದ ಹೆಜ್ಜೆ ಅದು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರ ವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು, ಸರ್ಕಾರಿ ವಲಯದ 6,300ಕ್ಕೂ ಹೆಚ್ಚು ಸಂಸ್ಥೆಗಳು. ಖಾಸಗಿ ಕಾಲೇಜುಗಳನ್ನು ಮೊದಲ ಹಂತದಲ್ಲಿ ಹೊರಗಿಟ್ಟಿದ್ದು ತಪ್ಪು. ಅಲ್ಲಿ ಓದುವವರೂ ನಾಳೆ ನಮ್ಮದೇ ಹಳ್ಳಿಗಳಲ್ಲಿ ರೋಗಿಗಳನ್ನು ನೋಡುವವರು.

ಅಣೆಕಟ್ಟು ತುಂಬಿದರೂ ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆ ಭಾಗಕ್ಕೆ ಮುಟ್ಟುವುದಿಲ್ಲ ಎಂದು ಮದ್ದೂರು, ಮಳವಳ್ಳಿಯ ರೈತರು ವರ್ಷವರ್ಷವೂ ಹೇಳುತ್ತಾರೆ. ಜ್ಞಾನದ ವಿಚಾರದಲ್ಲೂ ಆಗುತ್ತಿರುವುದು ಅದೇ. ದೆಹಲಿಯಲ್ಲಿ ಚಂದಾ ಕಟ್ಟಿದ್ದಾರೆ, ಬೆಂಗಳೂರಿನಲ್ಲಿ ಪಾಸ್‌ವರ್ಡ್ ಕೊಟ್ಟಿದ್ದಾರೆ. ಕೊನೆಗೆ ಓದಬೇಕಾದವರು ಗೂಗಲ್‌ನ ಮೊದಲ ಪುಟದಲ್ಲಿ ಸಿಕ್ಕಿದ್ದನ್ನು ಹಿಡಿದು ತಮ್ಮ ಪ್ರಬಂಧದ ಸಿನಾಪ್ಸಿಸ್, ಅಂದರೆ ರೂಪುರೇಷೆ, ಬರೆದು ಮುಗಿಸುತ್ತಾರೆ.

ಹುಡುಕಾಟದಲ್ಲಿ ಆಗುವ ತಪ್ಪಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಕರಣವನ್ನು ವೈದ್ಯಕೀಯ ಗ್ರಂಥಪಾಲಕರು ಇಂದಿಗೂ ನೆನೆಯುತ್ತಾರೆ. 2001ರಲ್ಲಿ ಆಸ್ತಮಾ ಕುರಿತ ಪ್ರಯೋಗವೊಂದಕ್ಕೆ ಆರೋಗ್ಯವಂತ ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಕೊಡಲಾಯಿತು. 24 ವರ್ಷದ ಯುವತಿಯೊಬ್ಬಳ ಶ್ವಾಸಕೋಶ ಹಾಳಾಗಿ ಆಕೆ ತೀರಿಕೊಂಡಳು. ಆ ವಸ್ತುವಿನಿಂದ ಶ್ವಾಸಕೋಶಕ್ಕೆ ಅಪಾಯವಿದೆ ಎಂದು 1950ರ ದಶಕದ ಲೇಖನಗಳು ಹೇಳಿದ್ದವು. ಸಂಶೋಧಕರು ನೋಡಿದ್ದ ಪಬ್‌ಮೆಡ್ ಆಗ 1966ರಿಂದ ಈಚಿನದನ್ನಷ್ಟೇ ಒಳಗೊಂಡಿತ್ತು. ಎಚ್ಚರಿಕೆ ಅಚ್ಚಾಗಿತ್ತು, ಗ್ರಂಥಾಲಯದಲ್ಲೂ ಇತ್ತು. ಅಲ್ಲಿಯವರೆಗೆ ಹೋಗಿ ನೋಡಿದವರಿರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯಲ್ಲೇ ಹೀಗಾಯಿತು.

ಹುಡುಕುವುದನ್ನು ಕಲಿಸಲು ಗ್ರಂಥಾಲಯಗಳು ಕಾರ್ಯಾಗಾರ ನಡೆಸಬೇಕು. ಆದರೆ ಅದು ದೀಪ ಬೆಳಗಿಸಿ, ಅತಿಥಿಗಳಿಗೆ ಹಾರ ಹಾಕಿ, ಸ್ಲೈಡ್ ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುವ ಕಾರ್ಯಕ್ರಮ ಆಗಬಾರದು. ಎಷ್ಟೋ ಕಡೆ ಮೊದಲ ವರ್ಷದವರಿಗೆ ಒಂದು ತಾಸು ಕಪಾಟುಗಳನ್ನು ತೋರಿಸಿ ಗ್ರಂಥಾಲಯ ಪರಿಚಯ ಮುಗಿಯಿತು ಎನ್ನುತ್ತಾರೆ. ಬೇಕಾಗಿರುವುದು ಬೇರೆ. ಸಿನಾಪ್ಸಿಸ್ ಬರೆಯುವುದಕ್ಕೆ ಮುಂಚೆ, ಹದಿನೈದು ಇಪ್ಪತ್ತು ಜನರ ಗುಂಪು, ಪ್ರತಿಯೊಬ್ಬರ ಮುಂದೆ ಒಂದು ಕಂಪ್ಯೂಟರ್, ಪ್ರತಿಯೊಬ್ಬರಿಗೂ ತಮ್ಮದೇ ವಿಷಯ. ಗ್ರಂಥಪಾಲಕರ ಪಕ್ಕದಲ್ಲಿ ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರೊಬ್ಬರು ಕೂರಬೇಕು. ಯಾವ ರೋಗಿಗಳಲ್ಲಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲ ಎಂದು ಪ್ರಶ್ನೆಯನ್ನು ಒಡೆದು ಬರೆಸಬೇಕು. ಅದಾದ ಮೇಲೆಯೇ ಕೀಲಿಮಣೆ ಮುಟ್ಟಬೇಕು. ಸಂಜೆ ಹೊರಡುವಾಗ ವಿದ್ಯಾರ್ಥಿಯ ಕೈಯಲ್ಲಿ ಪೂರ್ತಿ ಪಠ್ಯ ಸಿಕ್ಕ ಕೆಲವಾದರೂ ಲೇಖನಗಳು ಮತ್ತು ಅವು ಹೇಗೆ ಸಿಕ್ಕವು ಎಂಬ ಲಿಖಿತ ಟಿಪ್ಪಣಿ ಇರಬೇಕು.

ಇನ್ನೊಂದು ದಿನ ಉಲ್ಲೇಖಗಳಿಗೆ ಮೀಸಲಾಗಲಿ. ವೈದ್ಯಕೀಯ ಪ್ರಬಂಧಗಳಲ್ಲಿ ಬಳಸುವ ವ್ಯಾಂಕೂವರ್ ಕ್ರಮಕ್ಕೆ ಆ ಹೆಸರು ಬಂದದ್ದು 1978ರಲ್ಲಿ ಅದೇ ಊರಿನಲ್ಲಿ ಸೇರಿದ ಸಂಪಾದಕರಿಂದ. ಅದನ್ನು ಕೈಯಲ್ಲೇ ತಿದ್ದುತ್ತಾ ರಾತ್ರಿಗಟ್ಟಲೆ ಕೂರುವವರಿಗೆ ಝೊಟೆರೊ ಎಂಬ ಉಚಿತ ತಂತ್ರಾಂಶ ತೋರಿಸಿದರೆ ಸಾಕು. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಕೇಳಿ ಉಲ್ಲೇಖ ಪಟ್ಟಿ ಮಾಡುವ ಚಾಳಿ ಈಗ ಬಂದಿದೆ. ಅವು ಇಲ್ಲದ ಲೇಖನಕ್ಕೂ ಲೇಖಕರ ಹೆಸರು, ಸಂಪುಟ, ಪುಟಸಂಖ್ಯೆ ಕೊಟ್ಟುಬಿಡುತ್ತವೆ. ಪ್ರತಿ ಉಲ್ಲೇಖವನ್ನೂ ಮೂಲ ಸೂಚಿಯಲ್ಲಿ ತಾಳೆ ನೋಡುವ ಅಭ್ಯಾಸವನ್ನು ವಿದ್ಯಾರ್ಥಿ ದೆಸೆಯಲ್ಲೇ ಮಾಡಿಸಬೇಕು.

ಅಧ್ಯಾಪಕರಿಗೂ ಇದು ಬೇಕು. ಬಡ್ತಿಗೆ ಪ್ರಕಟಿತ ಲೇಖನ ಬೇಕು ಎಂಬ ನಿಯಮದ ನೆರಳಿನಲ್ಲಿ ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಬೆಳೆದಿವೆ. ಯುಜಿಸಿ 2025ರಲ್ಲಿ ಗುಣಮಟ್ಟದ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನೇ ಕೈಬಿಟ್ಟಿದ್ದರಿಂದ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಆರಿಸುವ ಹೊಣೆ ಸಂಸ್ಥೆಗಳ ಹೆಗಲಿಗೆ ಬಿದ್ದಿದೆ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ವಿದ್ಯಾರ್ಥಿಯೇ ಹುಡುಕಿ ಓದುವ ತರಗತಿಗಳಿಗೆ ಜಾಗ ಕೊಟ್ಟಿದೆ. ಹುಡುಕುವ ಬಗೆಯನ್ನು ಅಧ್ಯಾಪಕರು ಮೊದಲು ಕಲಿಯದಿದ್ದರೆ ಆ ತಾಸುಗಳು ವೇಳಾಪಟ್ಟಿಯಲ್ಲಷ್ಟೇ ಉಳಿಯುತ್ತವೆ.

ಕಾರ್ಯಾಗಾರ ಮಂಡ್ಯದ ಕ್ಯಾಂಪಸ್ಸಿನೊಳಗೇ ನಿಂತರೆ ಅರ್ಧ ಕೆಲಸ ಮಾತ್ರ ಆದಂತೆ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ, ಹೋಬಳಿಯ ಆರೋಗ್ಯ ಕೇಂದ್ರಗಳಲ್ಲಿ ದುಡಿಯುವ ವೈದ್ಯರು, ನರ್ಸುಗಳು, ಸಮುದಾಯ ಆರೋಗ್ಯಾಧಿಕಾರಿಗಳು ಕಾಲೇಜು ಬಿಟ್ಟ ದಿನವೇ ಗ್ರಂಥಾಲಯದಿಂದ ದೂರವಾಗುತ್ತಾರೆ. ಕೊಳಕುಮಂಡಲ ಕಚ್ಚಿದವರು ಮೊದಲು ಬಂದು ಬೀಳುವುದು ಇವರ ಮುಂದೆ. ತಿಂಗಳಿಗೊಂದು ಮಧ್ಯಾಹ್ನ ಗ್ರಂಥಪಾಲಕರೇ ಲ್ಯಾಪ್‌ಟಾಪ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಪಾಠ ಕನ್ನಡದಲ್ಲೇ ನಡೆಯಲಿ. ಹುಡುಕು ಪದಗಳು ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಅವನ್ನು ಬಳಸುವ ಬಗೆಯನ್ನೂ ಇಂಗ್ಲಿಷಿನಲ್ಲೇ ಹೇಳಬೇಕಿಲ್ಲ. ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳೂ ಗುಂಪಾಗಿ ಒಂದು ಸಂಶೋಧನೆ ಮಾಡಬೇಕು. ಹಳ್ಳಿಯ ಶಾಲೆಗಳಿಂದ ಬಂದ ಆ ಹುಡುಗಿಯರಿಗೆ ಕನ್ನಡದಲ್ಲಿ ಹೇಳಿಕೊಟ್ಟರೆ ಅವರು ಯಾರಿಗೂ ಕಡಿಮೆಯಿಲ್ಲ.

ಜಿಲ್ಲೆಯ ಕಾಲೇಜು ಗ್ರಂಥಾಲಯಗಳು ಕೂಡಿ ಮಾಡಬೇಕಾದ ಇನ್ನೊಂದು ಕೆಲಸವಿದೆ. ಮಂಡ್ಯದ ಆರೋಗ್ಯದ ಬಗ್ಗೆ ಇದುವರೆಗೆ ಪ್ರಕಟವಾದದ್ದನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡುವುದು. ಕನ್ನಂಬಾಡಿ ಕಟ್ಟೆ ಮುಗಿದು, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ 1930ರ ದಶಕದಲ್ಲಿ ಮಲೇರಿಯಾ ಮೈಸೂರು ಸಂಸ್ಥಾನದ ದೊಡ್ಡ ಚಿಂತೆಯಾಗಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ ಸಂಸ್ಥಾನದ ಸೊಳ್ಳೆಗಳ ಬೆನ್ನು ಹತ್ತಿದರು. ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಯ ಇಕ್ಕೆಲದಲ್ಲಿ ಅದನ್ನು ನೀರಿನ ಮೇಲೆ ತೇಲಿಸುವ ಅಂಗವಿರುತ್ತದೆ. ಅದರ ಮೇಲಿನ ಗೆರೆಗಳನ್ನು ಎಣಿಸಿ, ಈ ಸೊಳ್ಳೆಯಲ್ಲಿ ಎರಡು ಬಗೆ ಇವೆ ಎಂದು ಅವರು 1937ರ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ತೋರಿಸಿದರು. ಕಡಿಮೆ ಗೆರೆಯ ಬಗೆಗೆ ಮೈಸೂರಿನ ಹೆಸರೇ ಬಂತು: ‘ಮೈಸೊರೆನ್ಸಿಸ್’.

ಇದೇ ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು, ಆಮೇಲೆ ಇಥಿಯೋಪಿಯಕ್ಕೂ ಹಬ್ಬಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತಡೆಯಲೆಂದೇ ವಿಶೇಷ ಕಾರ್ಯಕ್ರಮ ಆರಂಭಿಸಿತು. ಆಫ್ರಿಕಾಕ್ಕೆ ಬಂದಿರುವುದು ಯಾವ ಬಗೆ ಎಂದು ಇಂದು ಕೇಳುವ ವಿಜ್ಞಾನಿಗಳು 1937ರ ಆ ಲೇಖನವನ್ನು ಉಲ್ಲೇಖಿಸುತ್ತಾರೆ. ಗೆಜೆಟ್‌ನ ಹಳೆಯ ಸಂಚಿಕೆಗಳು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮಳವಳ್ಳಿಯ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲೇ ಅವನ್ನು ತೆರೆದು ಓದಬಹುದು. ಅವು ಇವೆ ಎಂದು ಅವಳಿಗೆ ಯಾರಾದರೂ ಹೇಳಬೇಕಷ್ಟೆ.

ಹೊರರೋಗಿ ವಿಭಾಗದಲ್ಲಿ ಸಾಲು ನಿಂತಿರುವಾಗ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ರೋಚೆಸ್ಟರ್‌ನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ತಮ್ಮ ಮುಂದಿದ್ದ ರೋಗಿಯ ವಿಷಯದಲ್ಲಿ ಆಸ್ಪತ್ರೆಯ ಗ್ರಂಥಾಲಯದಿಂದ ಮಾಹಿತಿ ತರಿಸಿಕೊಂಡ ವೈದ್ಯರಲ್ಲಿ ಶೇಕಡಾ 80 ಮಂದಿ, ಆ ಮಾಹಿತಿಯಿಂದ ಚಿಕಿತ್ಸೆಯ ಯಾವುದಾದರೊಂದು ಅಂಶವನ್ನು ಬದಲಾಯಿಸಿದ್ದಾಗಿ ಅಥವಾ ಬಹುಶಃ ಬದಲಾಯಿಸಿದ್ದಾಗಿ ಹೇಳಿದರು. ಪುರುಸೊತ್ತಿಲ್ಲದ ವೈದ್ಯರಿಗೇ ಗ್ರಂಥಪಾಲಕರ ನೆರವು ಹೆಚ್ಚು ಬೇಕು.

ಗ್ರಂಥಪಾಲಕರನ್ನು ಪುಸ್ತಕ ಕಾಯುವವರಂತೆ ಕಾಣುವ ಆಡಳಿತದ ಧೋರಣೆ ಇಲ್ಲಿ ನಿಜವಾದ ಅಡ್ಡಿ. ಕಾಲೇಜು ಕೌನ್ಸಿಲ್ ಸಭೆಯಲ್ಲಿ ಅವರಿಗೊಂದು ಕುರ್ಚಿ, ವೇಳಾಪಟ್ಟಿಯಲ್ಲಿ ಅವರ ತಾಸುಗಳು, ತಾಲ್ಲೂಕಿಗೆ ಹೋಗಿ ಬರಲು ಒಂದು ವಾಹನ, ಖಾಲಿ ಬಿದ್ದ ಹುದ್ದೆಗಳ ಭರ್ತಿ: ಇವು ಸಂಸ್ಥೆಗಳ ನಿರ್ದೇಶಕರು ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಈ ವರ್ಷವೇ ಆಗುವ ಕೆಲಸಗಳು. ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ರಂಥಾಲಯ ಕಾರ್ಯಾಗಾರದಲ್ಲಿ ಕುಳಿತು ಮಾಡಿದ ಹುಡುಕಾಟದ ದಾಖಲೆ ಇಲ್ಲದ ಸಿನಾಪ್ಸಿಸ್ ಅನ್ನು ಒಪ್ಪಿಕೊಳ್ಳುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಲಿ. ‘ಒಂದು ರಾಷ್ಟ್ರ, ಒಂದು ಚಂದಾ’ಕ್ಕೆ ಈಗ ಮಂಜೂರಾಗಿರುವ ಹಣ 2027ರ ಕೊನೆಯವರೆಗೆ ಮಾತ್ರ.